ಗೊಣಗುವ ಬಂಡೆ

ಬೆಳಗ್ಗೆ ಬೆಳಗ್ಗೆಯೇ ಗೈಡಮ್ಮನ ತಲೆ ಕೆಟ್ಟುಹೋಯಿತು. ಸುರಂಗದ ಬಾಯಿಂದ ಅಪ್ಪ ಹೊರಗೆ ಬಂದ. ಅವನ ಮುಖ ನೋಡುವ ಮೊದಲು ಅವಳು ನೋಡಿದ್ದು ಅವನ ಬೆರಳುಗಳನ್ನು. ತುದಿಗೆಲ್ಲ ಕೆಂಪು ಸೀಮೆಸುಣ್ಣ ಮೆತ್ತಿಕೊಂಡಿತ್ತು. ಅಂದರೆ ಒಳಗೆ ಇನ್ನೊಂದು ಕಡೆ ಗೀಟು ಬಿತ್ತು ಅಂತ ಲೆಕ್ಕ.

"ಎಲ್ಲಿ?" ಅಂದಳು.

"ಏನು?"

"ಇವತ್ತು ಎಲ್ಲಿ ಹಾಕ್ದೆ ಅಂತ ಕೇಳ್ದೆ."

"ಬಾಯೊಳಗೇ ಗೊಣಗಬೇಡ. ಬಿಡಿಸಿ ಹೇಳು."

ಅವಳು ಹಲ್ಲು ಕಚ್ಚಿಕೊಂಡು ಇನ್ನೊಂದು ಸಲ ಕೇಳಿದಳು. ಅಪ್ಪ ಕೈಯಲ್ಲಿದ್ದ ಹಾರೆಯನ್ನು ಗೋಡೆಗೆ ಒರಗಿಸಿ, ಹೆಲ್ಮೆಟ್ ತೆಗೆದು, ತಲೆ ಕೆರೆದುಕೊಂಡು, ಆಮೇಲೆ ಬಾಯಿ ಬಿಟ್ಟ.

"ಬೆಳ್ಳಿ ಕೋಣೇಲಿ. ಕಂಬದ ಹತ್ರ. ಹಗ್ಗ ಕಟ್ಟಿ ಬಂದಿದ್ದೀನಿ, ಇನ್ನು ಆ ಕಡೆ ಯಾರನ್ನೂ ಬಿಡಬೇಡ."

ಬೆಳ್ಳಿ ಕೋಣೆ! ಬೇರೆ ಎಲ್ಲಿ ಬೇಕಾದರೂ ಹಾಕಿಕೊಳ್ಳಬಹುದಿತ್ತು ಈ ಮುದುಕ, ಹೋಗಿ ಹೋಗಿ ಅಲ್ಲೇ ಹಾಕಬೇಕಾ? ಅವಳ ಮೈಯೆಲ್ಲ ಉರಿದುಹೋಯಿತು.

ಅವಳಿಗೆ ಯಾಕೆ ಹಾಗೆ ಉರಿಯಿತು ಅಂತ ತಿಳಿಯಬೇಕಾದರೆ ಆ ಗಣಿಯ ವಿಷಯ ಸ್ವಲ್ಪ ಹೇಳಬೇಕು. ದೊಡ್ಡ ಗಣಿಯೇನಲ್ಲ ಅದು. ಬೆಟ್ಟದ ಹೊಟ್ಟೆಗೆ ಒಂದು ತೂತು, ಒಳಗೆ ಒಂದು ಉದ್ದ ಸುರಂಗ, ಅಲ್ಲೊಂದು ಇಲ್ಲೊಂದು ಕವಲು, ತುದಿಯಲ್ಲಿ ಒಂದು ಕೋಣೆ. ಯಾವ ಕಾಲದವರೋ ಉಳಿ ಸುತ್ತಿಗೆ ಹಿಡಿದು ಕೊರೆಯಲು ಶುರು ಮಾಡಿದರು, ಆಮೇಲಿನವರು ಮದ್ದಿಟ್ಟು ಸಿಡಿಸಿದರು, ಚಿನ್ನ ಬೆಳ್ಳಿ ಸಿಕ್ಕಷ್ಟು ಬಾಚಿಕೊಂಡು ಗಂಟುಮೂಟೆ ಕಟ್ಟಿದರು. ಅಪ್ಪ ಅಲ್ಲಿ ಕೆಲಸ ಮಾಡಿದ ಕೊನೆಯ ತಲೆಮಾರಿನವನು. ಗಣಿ ಮುಚ್ಚಿದ ಮೇಲೆ ಕೆಳಗಿನ ಪಟ್ಟಣದ ಒಂದು ಟ್ರಸ್ಟು ಅದನ್ನು ವಹಿಸಿಕೊಂಡು, ದೀಪ ಹಾಕಿಸಿ, ಬಾಯಿಗೊಂದು ಟಿಕೆಟ್ ಕಿಟಕಿ ಇಟ್ಟು, ನೋಡಲು ಬರುವವರಿಗೆ ತೆರೆದಿತ್ತು.

ಬಂದವರನ್ನು ಒಳಗೆ ಕರೆದುಕೊಂಡು ಹೋಗಿ ಕಥೆ ಹೇಳುವುದು ಮಗಳ ಕೆಲಸ. ಮೊದಲು ಅವಳು ಪಟ್ಟಣದ ಬಟ್ಟೆ ಅಂಗಡಿಯಲ್ಲಿ, ಗಿರಾಕಿಗಳು ಹರವಿ ಬಿಟ್ಟುಹೋದ ಬಟ್ಟೆ ಮಡಚುತ್ತಿದ್ದವಳು. ಅಲ್ಲಿ ಬಾಯಿ ತೆರೆದರೆ ಬೈಗುಳ. ಇಲ್ಲಿ ಬಾಯಿ ತೆರೆದರೆ ಜನ ಕಣ್ಣು ಮಿಟುಕಿಸದೆ ಕೇಳುತ್ತಾರೆ. ಮಾತು ಅಂದರೆ ಅವಳಿಗೆ ಊಟಕ್ಕಿಂತ ಹೆಚ್ಚು. ಬಂದವರೆಲ್ಲ ಗೈಡಮ್ಮಾ ಗೈಡಮ್ಮಾ ಅಂತ ಹಿಂದೆ ಹಿಂದೆ ನಡೆಯುವಾಗ ತಾನೂ ಒಂದು ಜನ ಅಂತ ಅವಳಿಗೆ ಅನ್ನಿಸುತ್ತಿತ್ತು. ಗಂಡ ಅದೇ ಜನರನ್ನು ಪಟ್ಟಣದಿಂದ ವ್ಯಾನಿನಲ್ಲಿ ಹತ್ತಿಸಿಕೊಂಡು ಬರುತ್ತಿದ್ದ. ಸಿಟ್ಟು ಬಂದಾಗ ಅವನೂ ಅವಳನ್ನು ಗೈಡಮ್ಮ ಅಂತಲೇ ಕರೆಯುತ್ತಿದ್ದ.

ಆದರೆ ಚಿನ್ನದ ಗಣಿ ಅಂತ ಬೋರ್ಡು ನೋಡಿ ಬರುವವರಿಗೆ, ಗೋಡೆಯೆಲ್ಲ ಒಡವೆ ಅಂಗಡಿ ಹಾಗೆ ಥಳಥಳ ಹೊಳೆಯುತ್ತಿರಬೇಕು ಅನ್ನುವ ಆಸೆ. ಸುರಂಗದ ತುಂಬ ಇರುವುದು ಬೂದು ಕಲ್ಲು, ತೊಟ್ಟಿಕ್ಕುವ ನೀರು, ತುಕ್ಕು ಹಿಡಿದ ಹಳಿ. ಎಷ್ಟು ಕಥೆ ಹೇಳಿದರೂ ಕೊನೆಗೆ ಒಂದೇ ಪ್ರಶ್ನೆ: ಚಿನ್ನ ಎಲ್ಲಿ? ಆ ಪ್ರಶ್ನೆಗೆ ಉತ್ತರ ಇದ್ದದ್ದು ಬೆಳ್ಳಿ ಕೋಣೆಯಲ್ಲಿ. ಅದರ ನಡುವೆ ಹಳಬರು ಒಂದು ಕಂಬವನ್ನು ಅಗೆಯದೆ ಬಿಟ್ಟಿದ್ದರು. ಧಾರಾಳತನಕ್ಕೇನಲ್ಲ, ಅದನ್ನು ಅಗೆದರೆ ಬೆಟ್ಟ ನೆತ್ತಿಯ ಮೇಲೆ ಕೂರುತ್ತದೆ ಅಂತ. ಆ ಕಂಬದ ಬಿಳಿ ಕಲ್ಲಿನಲ್ಲಿ ಕೂದಲಿನಷ್ಟು ತೆಳ್ಳಗೆ ಬೆಳ್ಳಿಯ ಎಳೆಗಳು, ನಡುನಡುವೆ ಸಾಸಿವೆ ಕಾಳಿನಷ್ಟು ಚಿನ್ನ. ಗೈಡಮ್ಮ ದೀಪ ಆರಿಸಿ, ಎಲ್ಲರನ್ನೂ ಕತ್ತಲಲ್ಲಿ ನಿಲ್ಲಿಸಿ, ಒಂದೇ ಒಂದು ಟಾರ್ಚನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಬಿಡುತ್ತಿದ್ದಳು. ಜನ ಹಾ ಅನ್ನುತ್ತಿದ್ದರು. ಆ ಒಂದು ಹಾ ಗೋಸ್ಕರವೇ ಗಣಿ ನಡೆಯುತ್ತಿತ್ತು ಅಂದರೂ ತಪ್ಪಿಲ್ಲ. ಈಗ ಆ ಕೋಣೆಗೇ ಹಗ್ಗ ಬಿದ್ದಿತ್ತು, ಹಗ್ಗದ ಈಚೆ ನಿಂತರೆ ಕಂಬದ ಒಂದು ಚೂರೂ ಕಾಣುವುದಿಲ್ಲ.

"ಅಲ್ಲಿ ಗೊಣಗ್ತು ಅಂತ ಗ್ಯಾರಂಟಿನಾ ನಿನಗೆ?" ಅಂದಳು.

"ಗೊಣಗ್ತು."

ಇದು ಗಣಿಯವರ ಮಾತು. ದಿನಾ ಬೆಳಗ್ಗೆ ಜನ ಬರುವ ಮೊದಲು ಒಬ್ಬರು ಹಾರೆ ಹಿಡಿದು ಒಳಗೆ ಹೋಗಿ, ನೆತ್ತಿ ಮೇಲಿನ ಬಂಡೆಯನ್ನು ಅಡಿ ಅಡಿಗೂ ತಟ್ಟಿ ನೋಡಬೇಕು. ಬಂಡೆ ಗಟ್ಟಿಯಾಗಿದ್ದರೆ ಟಣ್ ಅನ್ನುತ್ತದೆ, ಆಗ ಬಂಡೆ ಮಾತಾಡಿತು ಅನ್ನುತ್ತಾರೆ. ಒಳಗೆ ಬಿರುಕು ಬಿಟ್ಟು ಸಡಿಲವಾಗಿದ್ದರೆ ಬೊದ್ ಅನ್ನುತ್ತದೆ, ಆಗ ಗೊಣಗಿತು ಅನ್ನುತ್ತಾರೆ. ಗೊಣಗಿದ ಕಡೆ ಕೆಂಪು ಸೀಮೆಸುಣ್ಣದಲ್ಲಿ ಕತ್ತರಿ ಗೀಟು. ಗೀಟು ಹಾಕಿದವರ ಹೊರತು ಇನ್ನೊಬ್ಬರು ಅದನ್ನು ಅಳಿಸುವ ಹಾಗಿಲ್ಲ, ದೊರೆಯೇ ಬಂದರೂ ಅಷ್ಟೇ. ಸರಿಯಾಗಿದೆ ಅಂದರೆ, ಅಂದವರೇ ಮೊದಲು ಅದರ ಕೆಳಗೆ ನಡೆದು ತೋರಿಸಬೇಕು. ಗಣಿ ತೆರೆಯಲು ಸರಕಾರ ಕೊಟ್ಟ ಪರವಾನಗಿಯಲ್ಲೂ ಇದೇ ಷರತ್ತು: ತಟ್ಟುವವರು ಸರಿ ಅನ್ನದೆ ಜನರನ್ನು ಬಿಡಬಾರದು. ಅಪ್ಪ ಜೀವಮಾನವೆಲ್ಲ ತಟ್ಟಿದವನು, ಊರಿಗೆಲ್ಲ ತಟ್ಟಜ್ಜ. ಅವನು ಸರಿ ಅಂದ ಬಂಡೆ ಇಂದಿನ ತನಕ ಒಂದೂ ಬಿದ್ದಿರಲಿಲ್ಲ.

ಹಾಗಂತ ಎಷ್ಟು ಅಂತ ಸಹಿಸುವುದು? ಚಳಿ ಕಳೆದಾಗಿನಿಂದ ಈ ಮುದುಕನಿಗೆ ಅದೇನಾಗಿತ್ತೋ, ತಟ್ಟಿದ್ದೆಲ್ಲ ಗೊಣಗುತ್ತಿತ್ತು. ಮೊದಲು ಎಡಗಡೆ ಕವಲು ಮುಚ್ಚಿಸಿದ. ಆಮೇಲೆ ಬಲಗಡೆಯದು. ಆಮೇಲೆ ನಡುವೆ ಅಲ್ಲಲ್ಲಿ ಗೀಟು ಹಾಕಿ, ಜನ ಗೋಡೆಗೆ ಅಂಟಿಕೊಂಡು ಏಡಿ ಹಾಗೆ ಅಡ್ಡಡ್ಡ ನಡೆಯುವ ಹಾಗೆ ಮಾಡಿದ. ಬೆಟ್ಟಕ್ಕೆ ಒಳಗೊಳಗೇ ಏನೋ ರೋಗ ಹತ್ತಿದೆ ಅಂತ ಊಟಕ್ಕೆ ಕೂತಾಗೆಲ್ಲ ಅದೇ ರಾಗ.

"ಹಾಗಾದ್ರೆ ಆ ಚಪ್ಪಡೀನ ಹಾರೆ ಹಾಕಿ ಕೆಡವಿಬಿಡು" ಅಂದಳು.

"ಬೇರೆ ಕಡೆ ಆಗಿದ್ರೆ ಕೆಡವ್ತಿದ್ದೆ. ಇದು ಕಂಬಕ್ಕೆ ಒರಗಿದೆ. ಕೆಡವೋಕೆ ಹೋದ್ರೆ ಜೊತೇಲಿ ಏನೇನು ಬರುತ್ತೋ."

"ಹಾರೆ ನನಗೆ ಕೊಡು. ನಾನು ತಟ್ಟಿ ನೋಡ್ತೀನಿ."

"ನೀನಾ?" ಅಪ್ಪ ನಕ್ಕೇಬಿಟ್ಟ. "ತಟ್ಟೋಕೆ ಬಾಯಿ ಮುಚ್ಕೊಂಡಿರಬೇಕು ಕಣೇ. ನಿನ್ನ ಕೈಲಾಗುತ್ತಾ?"

"ನನ್ನ ಅನ್ನಕ್ಕೆ ಕಲ್ಲು ಹಾಕ್ತಾ ಇದ್ದೀಯ, ಗೊತ್ತಾ ನಿನಗೆ?"

"ಏನು?"

"ಏನಿಲ್ಲ. ಹೋಗು, ತಿಂಡಿ ತಿನ್ನು ಹೋಗು."

ಮಧ್ಯಾಹ್ನದ ಹೊತ್ತಿಗೆ ಟ್ರಸ್ಟಿನ ಕಾರ್ಯದರ್ಶಿ ಬಂದರು. ಇವರಿಗೆ ಗೈಡಮ್ಮ ಮನಸ್ಸಿನಲ್ಲೇ ಇಟ್ಟಿದ್ದ ಹೆಸರು ನೋಡೋಣ ಸಾಹೇಬರು. ಪಾಪ, ಕೆಟ್ಟ ಮನುಷ್ಯನಲ್ಲ. ಆದರೆ ಏನು ಕೇಳಿದರೂ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ನೋಡೋಣ ಅನ್ನುತ್ತಿದ್ದರು. ಮಳೆಗೆ ಸೋರುವ ಟಿಕೆಟ್ ಕಿಟಕಿಗೆ ಮಾಡು ಬೇಕು ಅಂದರೆ ನೋಡೋಣ. ಹೊಸ ಟಾರ್ಚು ಬೇಕು ಅಂದರೆ ನೋಡೋಣ. ಇವತ್ತು ಮಾತ್ರ ಅವರು ನೇರವಾಗಿ ಮಾತಾಡಿದರು, ಅದೇ ಅವಳಿಗೆ ದಿಗಿಲು ಹುಟ್ಟಿಸಿತು.

"ನೋಡಮ್ಮಾ, ಬಂದವರೆಲ್ಲ ದೂರು ಹೇಳ್ಕೊಂಡು ಹೋಗ್ತಿದ್ದಾರೆ. ಏಡಿ ಹಾಗೆ ನಡೆದು, ಕಲ್ಲು ನೋಡಿ, ವಾಪಸ್ ಬಂದ್ವಿ ಅಂತಾರೆ. ನಾಳೆ ಬೆಳಗ್ಗೆ ಟ್ರಸ್ಟಿನ ಹಿರಿಯರು ತಾವೇ ಬರ್ತಿದ್ದಾರೆ. ಬೆಳ್ಳಿ ಕೋಣೆ ನೋಡಬೇಕು ಅಂದಿದ್ದಾರೆ. ನೋಡಿದ್ರೆ ಸರಿ, ಮುಂದುವರಿಸ್ತಾರೆ. ಇಲ್ಲ ಅಂದ್ರೆ ಗಣಿ ಬಾಯಿಗೆ ಗೋಡೆ ಎಬ್ಬಿಸೋದು ಅಂತ ತೀರ್ಮಾನ ಮಾಡ್ಕೊಂಡೇ ಬರ್ತಿದ್ದಾರೆ."

"ಗೋಡೆ ಅಂದ್ರೆ?"

"ಸಿಮೆಂಟ್ ಗೋಡೆ. ಒಂದು ಸಲ ಎಬ್ಬಿಸಿದ್ರೆ ಮುಗೀತು."

"ಸಾರ್, ಇನ್ನೊಂದು ಸ್ವಲ್ಪ ದಿನ ಕೊಡಿ. ಅಪ್ಪಂಗೆ ನಾನು ಹೇಳ್ತೀನಿ."

ಅವರು ಛತ್ರಿ ಬಿಚ್ಚುತ್ತಾ ಅಂದರು: "ನೋಡೋಣ."

ಆ ಛತ್ರಿ ಕಿತ್ತುಕೊಂಡು ಬೆಟ್ಟದಿಂದ ಕೆಳಗೆ ಎಸೆಯಬೇಕು ಅನ್ನಿಸಿತು ಅವಳಿಗೆ. ಎಸೆಯಲಿಲ್ಲ. ಮೂರನೇ ಮನುಷ್ಯರ ಮುಂದೆ ಅಳಬಾರದು ಅಂತ ಕೆನ್ನೆ ಒಳಗಡೆ ಕಚ್ಚಿಕೊಂಡು ನಿಂತಳು.

ಸಂಜೆ ಮನೆಗೆ ಬಂದು ಕುಕ್ಕರಿನಲ್ಲಿ ಆಲೂಗಡ್ಡೆ ಇಟ್ಟು, ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಳು. ಗಣಿ ಕೆಲಸಗಾರರಿಗೆ ಅಂತ ಒಂದೇ ಸಾಲಿನಲ್ಲಿ ಕಟ್ಟಿದ ಮನೆ ಅದು. ಅಡಿಗೆಮನೆಯಲ್ಲೇ ಊಟದ ಮೇಜು, ಮೇಜಿನ ಹಿಂದೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಒಲೆ. ಅಪ್ಪ ಬಾಗಿಲ ಬೆಲ್ಲನ್ನು ಬಿಚ್ಚಿ ಮೇಜಿನ ಮೇಲೆ ಹರವಿಕೊಂಡು ಕೂತಿದ್ದ. ಅದು ಕೆಟ್ಟಿದೆ ಅಂತ ಅವನ ವಾದ. ಬಿಚ್ಚುವುದು, ಒರೆಸುವುದು, ಜೋಡಿಸುವುದು, ಮತ್ತೆ ಬಿಚ್ಚುವುದು, ಇದೇ ಆಗಿತ್ತು ಕೆಲವು ದಿನಗಳಿಂದ.

ಹಿತ್ತಲಲ್ಲಿ ಅವಳಿಗೆ ಕುಕ್ಕರ್ ಕೂಗಿದ್ದು ಕೇಳಿಸಿತು. ಮತ್ತೆ ಕೂಗಿತು. ಮತ್ತೂ ಕೂಗಿತು. "ಅಪ್ಪಾ, ಒಲೆ ಆರಿಸು!" ಅಂತ ಕಿರುಚಿದಳು. ಉಹೂಂ. ಸೀದ ವಾಸನೆ ಬಂದಾಗ ಬಟ್ಟೆಯನ್ನೆಲ್ಲ ಹೆಗಲ ಮೇಲೆ ಹೇರಿಕೊಂಡು ಓಡಿ ಬಂದಳು. ಅಪ್ಪ ಒಲೆಗೆ ಬೆನ್ನು ಹಾಕಿ, ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಸ್ಕ್ರೂ ತಿರುಗಿಸುತ್ತಿದ್ದ.

"ಇಲ್ಲೇ ಕೂತಿದ್ದೀಯಲ್ಲ, ಕೂಗಿದ್ದು ಕೇಳಿಸ್ಲಿಲ್ವಾ?"

"ಕೂಗಿದ್ರೆ ತಾನೇ? ವಿಸಿಲ್ಲೇ ಬರ್ಲಿಲ್ಲ. ಅದೂ ಕೆಟ್ಟಿದೆ. ಈ ಮನೇಲಿ ಇರೋದೆಲ್ಲ ಕೆಡ್ತಾ ಬಂತು."

ಅವನ ಮಾತು ಮುಗಿಯುವ ಮೊದಲೇ ಕುಕ್ಕರ್ ಇನ್ನೊಂದು ಸಲ ಕೂಗಿತು, ಅವಳಿಗೇ ಕಿವಿ ಮುಚ್ಚಿಕೊಳ್ಳಬೇಕು ಅನ್ನಿಸುವಷ್ಟು ಜೋರಾಗಿ. ಅಪ್ಪ ತಲೆ ಎತ್ತಲಿಲ್ಲ. ಬೆಲ್ಲಿನ ಎರಡು ತಂತಿ ಸೇರಿಸಿ ಗುಂಡಿ ಒತ್ತಿದ. ಬೆಲ್ಲು ಕಿಣಿಕಿಣಿ ಅಂತ ಒಂದೇ ಸಮ ಬಡಿದುಕೊಂಡಿತು. ಅಪ್ಪ ಗುಂಡಿಯನ್ನು ಒತ್ತಿ ಹಿಡಿದೇ ಹೇಳಿದ: "ನೋಡು, ಸತ್ತುಹೋಗಿದೆ."

ಗೈಡಮ್ಮ ಒಲೆ ಆರಿಸಿ ಗೋಡೆಗೆ ಒರಗಿ ನಿಂತಳು. ಬೆಲ್ಲು, ಕುಕ್ಕರ್, ಬಾಯೊಳಗೇ ಗೊಣಗಬೇಡ ಅನ್ನುವ ಅವನ ಬೈಗುಳ, ಒಂದೊಂದಾಗಿ ಎಲ್ಲ ಬಂದು ಸಾಲಾಗಿ ನಿಂತವು. ಬೆಟ್ಟಕ್ಕೆ ಏನೂ ಆಗಿರಲಿಲ್ಲ. ಅಪ್ಪನ ಕಿವಿ ಹೋಗಿತ್ತು!

ಮೊದಲು ಬಂದದ್ದು ಖುಷಿ. ಹೌದು, ಖುಷಿಯೇ. ಕೋಣೆ ಗಟ್ಟಿಯಾಗಿದೆ, ಗೋಡೆ ಏಳುವುದಿಲ್ಲ, ನಾಳೆ ಹಿರಿಯರ ಮುಂದೆ ಟಾರ್ಚು ಬಿಡಬಹುದು. ಆಮೇಲೆ ಮೇಜಿನ ಮೇಲೆ ಬಗ್ಗಿಕೊಂಡಿದ್ದ ಆ ಬೋಳು ತಲೆ ನೋಡಿದಳು, ತನ್ನ ಖುಷಿಗೆ ತಾನೇ ಛೀ ಅಂದುಕೊಂಡಳು.

ವ್ಯಾನು ನಿಲ್ಲಿಸಿ ಬಂದ ಗಂಡನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಹೇಳಿದಳು. ಅವನು ನಂಬಲಿಲ್ಲ.

"ನನ್ನ ಮಾತೆಲ್ಲ ಮಾವಂಗೆ ಕೇಳುತ್ತಲ್ಲ?"

"ನಿಮ್ಮದು ದಪ್ಪ ಗಂಟಲು ಕಣ್ರೀ. ದಪ್ಪ ದನಿ ಕೇಳುತ್ತೆ, ಸಣ್ಣ ದನಿ ಕೇಳ್ತಿಲ್ಲ. ಬಂಡೆ ಟಣ್ ಅಂದ್ರೂ ಅವನಿಗೆ ಬರೀ ಬೊದ್ ಅಷ್ಟೇ ಕೇಳಿಸ್ತಿದೆ. ಅದಕ್ಕೇ ಎಲ್ಲ ಕಡೆ ಗೀಟು."

ಗಂಡ ಅಡಿಗೆಮನೆ ಕಡೆ ಇಣುಕಿ ನೋಡಿದ. "ಹೇಳ್ತೀಯಾ?" ಅಂದ.

"ನೀವೇ ಹೇಳಿ. ನಿಮ್ಮ ದನಿ ಕೇಳುತ್ತಲ್ಲ."

"ಅಯ್ಯೋ, ನನ್ನ ಕೈಲಾಗಲ್ಲಪ್ಪ" ಅಂತ ಅವನು ಕೈಯೆತ್ತಿಬಿಟ್ಟ.

ಬೆಳಗ್ಗೆ ಅಪ್ಪ ಹಾರೆ ಹಿಡಿದು ಹೊರಟಾಗ ಅವಳೂ ಜೊತೆಗೆ ಹೊರಟಳು. ಸುರಂಗದ ಬಾಯಲ್ಲಿ ಹಳಿಯ ಒಂದು ತುಂಡನ್ನು ಸರಪಳಿಯಿಂದ ತೂಗುಹಾಕಿದ್ದರು. ಗಣಿ ನಡೆಯುತ್ತಿದ್ದ ಕಾಲದಲ್ಲಿ ಪಾಳಿ ಬದಲಾಗುವಾಗ ಅದನ್ನು ಬಡಿಯುತ್ತಿದ್ದರು. ಬಡಿದರೆ ಆಚೆ ಬೆಟ್ಟದ ಮನೆಗಳಿಗೂ ಕೇಳುತ್ತಿತ್ತು. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು ಮಾತಿನಮಲ್ಲಿ. ಈಗ ಅಪ್ಪನ ಮುಖ ನೋಡಿದರೆ ಒಂದು ಅಕ್ಷರ ಹೊರಡಲಿಲ್ಲ. ಕೊನೆಗೆ ಅಲ್ಲೇ ಬಿದ್ದಿದ್ದ ಸುತ್ತಿಗೆ ಎತ್ತಿಕೊಂಡು, ಇರುವ ಸಿಟ್ಟು ಸಂಕಟವೆಲ್ಲ ಸೇರಿಸಿ ಹಳಿಗೆ ಬಾರಿಸಿದಳು.

ಟಿಕೆಟ್ ಕಿಟಕಿಯ ತಗಡಿನ ಮೇಲೆ ಕೂತಿದ್ದ ಪಾರಿವಾಳಗಳು ಒಮ್ಮೆಲೇ ಎದ್ದವು. ಮೆಟ್ಟಿಲ ಮೇಲೆ ಮಲಗಿದ್ದ ನಾಯಿ ಚಂಗನೆ ಎದ್ದು ಬೊಗಳಿತು.

ಅಪ್ಪ ಹುಬ್ಬು ಗಂಟಿಕ್ಕಿದ. "ಇದನ್ನ ಯಾರು ಒಡೆದ್ರು?" ಅಂದ. "ಒಳ್ಳೆ ಕಬ್ಬಿಣ. ಬೊದ್ ಅಂತಿದೆಯಲ್ಲ!"

ಅವಳು ಇನ್ನೊಂದು ಸಲ ಬಾರಿಸಿದಳು. ಅಪ್ಪ ಹಳಿಯನ್ನು ನೋಡಿದ. ಮೇಲೆ ಸುತ್ತು ಹೊಡೆಯುತ್ತಿದ್ದ ಪಾರಿವಾಳಗಳನ್ನು ನೋಡಿದ. ಬಾಲ ಮುದುರಿಕೊಂಡು ದೂರ ಓಡುತ್ತಿದ್ದ ನಾಯಿಯನ್ನು ನೋಡಿದ. ಆಮೇಲೆ ಮಗಳ ಮುಖ ನೋಡಿದ. ಅವಳು ಅಳುತ್ತಿದ್ದಳು. ಅವನು ಸುತ್ತಿಗೆ ಇಸಿದುಕೊಂಡು ತಾನೇ ಒಂದು ಏಟು ಹಾಕಿ, ಅಂಗೈಯನ್ನು ಹಳಿಗೆ ಒತ್ತಿ ಹಿಡಿದ. ಕೈಗೆ ಅದರ ನಡುಕ ಗೊತ್ತಾಗಿರಬೇಕು, ನಡುಕ ನಿಲ್ಲುವ ತನಕ ತೆಗೆಯಲಿಲ್ಲ.

"ಎಷ್ಟು ದಿನ ಆಯ್ತು ನಿನಗೆ ಗೊತ್ತಾಗಿ?" ಅಂದ.

"ನಿನ್ನೆ" ಅಂದಳು, ಆದಷ್ಟು ದಪ್ಪ ದನಿ ಮಾಡಿಕೊಂಡು.

ಅಪ್ಪ ಮೆಟ್ಟಿಲ ಮೇಲೆ ಕೂತುಬಿಟ್ಟ. ಬೈಯುತ್ತಾನೆ, ಕೂಗಾಡುತ್ತಾನೆ ಅಂತ ಅವಳು ಕಾದಳು. ಬೈದಿದ್ದರೆ ಅವಳಿಗೂ ಹಗುರವಾಗುತ್ತಿತ್ತು. ಅವನು ಸುರಂಗದ ಕತ್ತಲೆ ಕಡೆ ನೋಡುತ್ತಾ, ಜ್ವರ ಬಿಟ್ಟ ಮಗುವಿನ ತಾಯಿ ಹಾಗೆ ಉಸಿರು ಬಿಟ್ಟ.

"ಹಾಗಾದ್ರೆ ಬೆಟ್ಟಕ್ಕೇನೂ ಆಗಿಲ್ಲ, ಅಲ್ವಾ?" ಅಂದ. "ಅದು ಸಾಯ್ತಿದೆ ಅಂದ್ಕೊಂಡಿದ್ದೆ ಕಣೇ ನಾನು. ದಿನಾ ಒಳಗೆ ಹೋದ್ರೆ ಎಲ್ಲ ಕಡೆ ಗೊಣಗಾಟ. ಸದ್ಯ. ನನ್ನ ಕಿವಿ ತಾನೇ, ಹೋಗ್ಲಿ ಬಿಡು."

ಅಷ್ಟು ದಿನ ಅವನನ್ನು ಮನಸ್ಸಿನಲ್ಲಿ ಬೈದದ್ದೆಲ್ಲ ಅವಳಿಗೆ ಒಟ್ಟಾಗಿ ನೆನಪಾಯಿತು.

ಅಪ್ಪ ಎದ್ದು ಹಾರೆಯನ್ನು ಅವಳ ಕೈಗಿಟ್ಟ. ಜೇಬಿನಿಂದ ಸೀಮೆಸುಣ್ಣ ತೆಗೆದು ಅದನ್ನೂ ಕೊಟ್ಟ. "ನಡಿ. ನೀನು ತಟ್ಟು. ನಾನು ಹಾಕಿದ ಗೀಟು ನಾನೇ ಅಳಿಸ್ತೀನಿ. ಬಾಯಿ ಮುಚ್ಕೊಂಡು ತಟ್ಟಬೇಕು, ನೆನಪಿರಲಿ."

ಮೊದಲ ಗೀಟಿನ ಹತ್ತಿರ ನಿಂತು ಹಾರೆ ಎತ್ತಿದಳು. ತಟ್ಟಿದಳು. ಟಣ್! ಎಷ್ಟು ಚೆನ್ನಾಗಿ, ಎಷ್ಟು ಸ್ವಚ್ಛವಾಗಿ ಕೇಳಿತು ಅಂದರೆ ಅವಳಿಗೆ ನಗು ಬಂತು. ಸುತ್ತಲೂ ತಟ್ಟಿದಳು. ಟಣ್, ಟಣ್. "ಏನಂತು?" ಅಂದ ಅಪ್ಪ. ಜೀವಮಾನದಲ್ಲಿ ಅವನು ಇನ್ನೊಬ್ಬರನ್ನು ಆ ಪ್ರಶ್ನೆ ಕೇಳಿದ್ದನ್ನು ಅವಳು ನೋಡಿರಲಿಲ್ಲ.

"ಮಾತಾಡ್ತು" ಅಂತ ತಲೆ ಆಡಿಸಿದಳು. ತಟ್ಟಿದವಳು ಅವಳು, ಪದ್ಧತಿ ಪ್ರಕಾರ ಅದರ ಕೆಳಗೆ ಮೊದಲು ನಡೆದವಳೂ ಅವಳೇ. ಅಪ್ಪ ಒದ್ದೆ ಬಟ್ಟೆಯಿಂದ ತನ್ನ ಗೀಟು ಒರೆಸಿ ಹಿಂದೆ ಬಂದ. ಹೀಗೇ ಎಡಗಡೆ ಕವಲು, ಬಲಗಡೆ ಕವಲು, ನಡುವಿನ ದಾರಿ. ಒಂದಾದರೂ ಗೊಣಗಬೇಕಲ್ಲ? ಇಲ್ಲ. ಇಡೀ ಬೆಟ್ಟ ಅವಳ ಜೊತೆ ಮಾತಿಗೆ ನಿಂತಿತ್ತು. ಅಪ್ಪ ಹಗ್ಗಗಳನ್ನು ಬಿಚ್ಚಿ ಸುತ್ತಿ ಹೆಗಲಿಗೆ ಹಾಕಿಕೊಳ್ಳುತ್ತಿದ್ದ, ಹಳೇ ಕಾಲದಲ್ಲಿ ಪಾಳಿ ಮುಗಿದಾಗ ಶಿಳ್ಳೆ ಹಾಕುತ್ತಿದ್ದನಂತೆ, ಆ ಶಿಳ್ಳೆಯನ್ನೂ ಹಾಕಿದ. ಶ್ರುತಿ ಎಲ್ಲೆಲ್ಲೋ ಹೋಯಿತು, ಅವನಿಗೆ ಗೊತ್ತಾಗಲಿಲ್ಲ.

ಬೆಳ್ಳಿ ಕೋಣೆಯ ಹಗ್ಗದ ಹತ್ತಿರ ಬರುವಷ್ಟರಲ್ಲಿ ಹಿಂದಿನಿಂದ ಬೆಳಕು ಬಂತು. ನೋಡೋಣ ಸಾಹೇಬರು, ಅವರ ಹಿಂದೆ ಹೊಸ ಹೆಲ್ಮೆಟ್ ಹಾಕಿಕೊಂಡ ಟ್ರಸ್ಟಿನ ಹಿರಿಯರು, ಕೊನೆಯಲ್ಲಿ ಟಾರ್ಚು ಹಿಡಿದುಕೊಂಡು ಅವಳ ಗಂಡ.

"ದಾರಿ ಎಲ್ಲ ತೆರೆದಿದೆಯಲ್ಲಮ್ಮಾ!" ಸಾಹೇಬರ ಮುಖ ಊರಗಲ ಆಗಿತ್ತು. "ಕೋಣೆ?"

"ಐದು ನಿಮಿಷ ಸಾರ್. ತಟ್ಟಿಬಿಡ್ತೀನಿ. ಹಗ್ಗದ ಆಚೆಗೇ ಇರಿ."

ಅಪ್ಪ, ಮಗಳು ಇಬ್ಬರೇ ಒಳಗೆ ಹೋದರು. ಬಾಗಿಲ ಹತ್ತಿರ ಟಣ್. ಎಡಗೋಡೆ ಉದ್ದಕ್ಕೂ ಟಣ್. ನೆತ್ತಿಯ ನಡುವೆ ಟಣ್. ಟಾರ್ಚಿನ ಬೆಳಕಿಗೆ ಕಂಬದ ಬೆಳ್ಳಿ ಎಳೆಗಳು ಮಿಂಚಿದವು. ಅವಳು ಆಗಲೇ ಮನಸ್ಸಿನಲ್ಲಿ ಕಥೆ ಶುರು ಮಾಡಿದ್ದಳು, ಹಿರಿಯರಿಗೆ ಅಂತ ಹೊಸದಾಗಿ ಎರಡು ಮಾತು ಸೇರಿಸಿಯೂ ಇದ್ದಳು. ಕಂಬದ ಪಕ್ಕ, ಅಪ್ಪನ ಕೊನೆಯ ಗೀಟಿನ ಮೇಲೆ ಹಾರೆ ಎತ್ತಿ ತಟ್ಟಿದಳು.

ಬೊದ್.

ಸರಿಯಾಗಿ ತಟ್ಟಲಿಲ್ಲವೇನೋ ಅಂದುಕೊಂಡಳು. ಕಾಲು ಸರಿಪಡಿಸಿಕೊಂಡು ಇನ್ನೊಂದು ಸಲ. ಬೊದ್. ಒಂದು ಗೇಣು ಆ ಕಡೆ, ಬೊದ್. ಈ ಕಡೆ, ಬೊದ್. ತೇವ ಹಿಡಿದ ಮರದ ಪೆಟ್ಟಿಗೆ ಬಡಿದ ಹಾಗೆ. ಕಲಿಯಲು ಗುರು ಬೇಕಿರಲಿಲ್ಲ, ಅಷ್ಟು ಹೊತ್ತು ಬೆಟ್ಟವೇ ಅವಳಿಗೆ ವ್ಯತ್ಯಾಸ ಹೇಳಿಕೊಟ್ಟಿತ್ತು.

ಥೂ! ಯಾರ ಮೇಲೆ ಸಿಟ್ಟು ಮಾಡುವುದು? ಅಷ್ಟೊಂದು ಸುಳ್ಳು ಗೀಟುಗಳ ನಡುವೆ ಇದೊಂದು ನಿಜವಾಗಬೇಕಿತ್ತಾ? ಅದೂ ಇಲ್ಲೇ, ಇವತ್ತೇ, ಇವರೆಲ್ಲ ಬಂದು ನಿಂತಾಗಲೇ? ಕಲ್ಲಿಗೆ ಕಣ್ಣು ಮೂಗು ಇದ್ದಿದ್ದರೆ ಹಾರೆಯಿಂದಲೇ ನಾಲ್ಕು ಬಿಡುತ್ತಿದ್ದಳು.

"ಏನಮ್ಮಾ, ಆಯ್ತಾ?" ಅಂದರು ಹಗ್ಗದ ಆಚೆಯಿಂದ ಸಾಹೇಬರು. ಅವರಿಗೆ ಕೇಳಿಸಿದ್ದು ಬರೀ ಕಬ್ಬಿಣ ಕಲ್ಲಿಗೆ ಬಡಿದ ಸದ್ದು, ಇದಕ್ಕೂ ಅದಕ್ಕೂ ವ್ಯತ್ಯಾಸ ಅವರಿಗೇನು ಗೊತ್ತು? ಅಪ್ಪನಿಗೆ ಅದೂ ತಿಳಿಯಲಿಲ್ಲ. ಆ ಸದ್ದು ಏನು ಅಂತ ಗೊತ್ತಿದ್ದವಳು ಅವಳೊಬ್ಬಳೇ. ಒಂದು ಸಣ್ಣ ಮಾತು ಸಾಕಿತ್ತು. ಮಾತಾಡ್ತು ಅಂದರೆ ಮುಗಿಯಿತು, ಗೋಡೆ ಇಲ್ಲ, ಬಟ್ಟೆ ಅಂಗಡಿ ಇಲ್ಲ. ಇಷ್ಟು ದಿನ ಬೀಳದೆ ನಿಂತ ಬಂಡೆ ಇವತ್ತೊಂದು ದಿನ ನಿಲ್ಲುವುದಿಲ್ಲವಾ? ಒಂದು ಸಲ ಟಾರ್ಚು ಬಿಟ್ಟು ಅವರಿಂದ ಹಾ ಅನ್ನಿಸಿ ಕಳಿಸಿದರೆ ಆಮೇಲೆ ನಿಧಾನವಾಗಿ ಏನಾದರೂ ಮಾಡಬಹುದಲ್ಲ? ನೋಡೋಣ ಅಂತ ಅವಳ ಮನಸ್ಸೂ ಹೇಳತೊಡಗಿತು.

"ಏನಂತು?" ಅಂದ ಅಪ್ಪ. ಉತ್ತರಕ್ಕೆ ಕಾಯಲೂ ಇಲ್ಲ. ಒದ್ದೆ ಬಟ್ಟೆ ಹಿಡಿದುಕೊಂಡು, ಮುಖದ ತುಂಬ ನಗು ತುಂಬಿಕೊಂಡು, ತನ್ನ ಕೊನೆಯ ಗೀಟನ್ನು ಅಳಿಸಲು ಆ ಚಪ್ಪಡಿಯ ಕೆಳಗೇ ಹೆಜ್ಜೆ ಇಟ್ಟ.

ಅವಳು ಅವನ ತೋಳು ಹಿಡಿದು ಎಳೆದಳು.

"ಗೊಣಗ್ತು ಅಪ್ಪ" ಅಂದಳು, ಮೆಲ್ಲಗೆ. ಹಗ್ಗದ ಆಚೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ.

"ಏನು? ಮಾತಾಡ್ತಾ?"

ಯಾರಿಗೂ ಕೇಳಿಸಿರಲಿಲ್ಲ. ಈಗಲೂ ತಲೆ ಆಡಿಸಬಹುದಿತ್ತು. ಅಪ್ಪನ ಕಣ್ಣು ಅವಳ ತುಟಿಯ ಮೇಲೇ ಇತ್ತು, ನಂಬಿಕೊಂಡು. ಅವಳು ಎದೆ ತುಂಬ ಉಸಿರು ಎಳೆದುಕೊಂಡು, ಗಂಟಲು ಹರಿಯುವ ಹಾಗೆ, ಗಂಡಸರ ದನಿಯಲ್ಲಿ ಕೂಗಿದಳು.

"ಗೊಣಗ್ತೂ!"

ಕೋಣೆ, ಸುರಂಗ, ಕವಲು, ಎಲ್ಲ ಕಡೆ ಅದೇ ಮಾತು ಓಡಾಡಿತು. ಹಗ್ಗದ ಆಚೆ ಗುಸುಗುಸು ನಿಂತುಹೋಯಿತು. ಯಾರೋ ಒಬ್ಬ ಹಿರಿಯರು ಏನಂತೆ ಅಂದರು. ಅವಳ ಗಂಡ ತನ್ನ ದಪ್ಪ ಗಂಟಲಲ್ಲಿ ಅದರ ಅರ್ಥ ಬಿಡಿಸಿ ಹೇಳಿದ್ದು ಕೇಳಿಸಿತು. ಸಾಹೇಬರು ಬಾಯಿ ತೆರೆದು ಮುಚ್ಚಿದರು, ನೋಡೋಣ ಅನ್ನಲಿಲ್ಲ.

ಅಪ್ಪ ಎರಡು ಹೆಜ್ಜೆ ಹಿಂದೆ ಬಂದು ಮೇಲಕ್ಕೆ ನೋಡಿದ. "ಸರಿಯಾಗಿ ಕೇಳಿಸ್ಕೊಂಡ್ಯಾ?" ಅಂದ.

"ಕೇಳಿಸ್ಕೊಂಡೆ."

"ಗೋಡೆ ಎಬ್ಬಿಸ್ತಾರಂತಲ್ಲ, ನಿನ್ನ ಗಂಡ ಹೇಳ್ದ."

"ಎಬ್ಬಿಸ್ಲಿ!" ಅಂದಳು. ಕಣ್ಣೀರು ಸುರಿಯುತ್ತಿತ್ತು, ಸಿಟ್ಟೂ ಹಾಗೇ ಇತ್ತು. "ಹೋಗಿ ಎಬ್ಬಿಸ್ಕೊಳ್ಲಿ."

ಅಪ್ಪ ಅವಳ ಕೈಯಿಂದ ಹಾರೆ ಇಸಿದುಕೊಂಡ. ಅದರ ತುದಿಗೆ ಒದ್ದೆ ಬಟ್ಟೆ ಕಟ್ಟಿ, ದೂರದಿಂದಲೇ ಚಾಚಿ ತನ್ನ ಗೀಟನ್ನು ಒರೆಸಿಹಾಕಿದ. ಅದು ಕಿವಿ ಹೋದವನು ಹಾಕಿದ್ದು, ಲೆಕ್ಕಕ್ಕಿಲ್ಲ. ಆಮೇಲೆ ಹಾರೆಯನ್ನು ಅವಳ ಕೈಗೆ ವಾಪಸ್ ಕೊಟ್ಟು ಕಾದು ನಿಂತ.

ಅವಳು ಸೀಮೆಸುಣ್ಣವನ್ನು ಅದೇ ಹಾರೆಯ ತುದಿಗೆ ಕಟ್ಟಿ, ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಒದ್ದೆ ಕಲ್ಲಿನ ಮೇಲೆ ಕೆಂಪಗೆ, ದೊಡ್ಡದಾಗಿ ಕತ್ತರಿ ಗೀಟು ಎಳೆದಳು. ಇನ್ನು ಅದನ್ನು ಅಪ್ಪನೂ ಅಳಿಸುವ ಹಾಗಿರಲಿಲ್ಲ.